ಕೆಚ್ಚು ಎಂದರೇನು?

(ನಾಡಹಬ್ಬದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸ)



ನಾಡಹಬ್ಬದ ವೇದಿಕೆಯನ್ನೇರಿದವರು ನಾಡಿನ ಗತವೈಭವವನ್ನು ಕೊಂಡಾಡಿ ಕೆಳಗಿಳಿಯುವುದು ವಾಡಿಕೆಯಾಗಿರುವುದು. ನಾವು ಈ ಹೊತ್ತು ಅದಕ್ಕಿಂತ ಚಿಕ್ಕದಾದ ಕಾರ್ಯವೊಂದನ್ನು ಕೈಗೊಂಡಿರುವೆವು. ಒಂದು ಮಾತಿನ ಅರ್ಥವನ್ನು ತಮ್ಮೊಡನೆ ವಿಚಾರಿಸಬೇಕೆಂಬುದೇ ನಮ್ಮ ಉದ್ದೇಶ. 'ಕನ್ನಡಿಗರು ಮೆತ್ತನೆಯ ಜನ. ಅವರು ಗಟ್ಟಿಯಾಗಬೇಕು' ಎಂಬ ಉಪದೇಶವನ್ನು ನಾವೆಲ್ಲರೂ ಕೇಳಿದ್ದೇವೆ. ನಾವೂ ಇತರರಿಗೆ ಹೇಳಿದ್ದೇವೆ. ಆದರೆ ಗಟ್ಟಿಯಾಗುವುದೆಂದರೆ ಏನಾಗುವುದು? ಕಲ್ಲಾಗುವುದೇ, ಕಬ್ಬಿಣವಾಗುವುದೇ, ಮರವಾಗುವುದೇ? ಇದನ್ನರಿಯದೆ ಗಟ್ಟಿಯಾಗಹೊರಟ ಜನಾಂಗವು ಬರಿಯ ಒರಟಾಗಿ ಮುಗಿಯುವ ಅಪಾಯವುಂಟು. ಆದುದರಿಂದ ಈ ವಿಚಾರವು ಕೇವಲ ನಿಘಂಟಿನ ವಿನೋದವಲ್ಲವೆಂದು ತಾವು ಮನ್ನಿಸಬೇಕು.

ನಮ್ಮ ಭಾಷೆಯು ಈ ಗುಣವನ್ನು ಎಷ್ಟು ಬಗೆಯಾಗಿ ವಿಂಗಡಿಸಿದೆಯೆಂಬುದನ್ನು ಮೊದಲು ನೋಡೋಣ. ಗಟ್ಟಿ, ಗಡಸು, ಬಿರುಸು, ಒರಟು, ಜಿಗುಟು, ಕಸುವು, ಛಲ, ಹಟ, ಎದೆಗಾರಿಕೆ, ಕೆಚ್ಚು ಎಂದು ಹತ್ತು ಮಾತುಗಳು ನಾಲಗೆಯ ತುದಿಗೆ ಬರುವುವು. ಆದರೆ ಇವುಗಳಲ್ಲಿ ಎರಡು ಒಂದೇ ಅಲ್ಲ. ಮಗು ಹಟ ಹಿಡಿಯುವುದು; ವೀರನು ಛಲ ತೊಡುವನು. ನೆಲವು ಗಡಸಾಗಿರುವುದು, ಆಳು ಗಟ್ಟಿಯಾಗಿರುವನು. 'ಮನಸ್ಸು ಗಟ್ಟಿಮಾಡಿಕೋ' ಎಂದು ದುಃಖದಲ್ಲಿರುವವರನ್ನು ಹಿರಿಯರು ಸಂತೈಸುವರು. 'ಮನಸ್ಸು ಕಲ್ಲುಮಾಡಿಕೊಂಡನು' ಎಂಬ ಮಾತಿನಲ್ಲಾದರೋ ನೋವು ಅಥವಾ ನಿಂದೆ ಕೂಡಿರುವುದು. ಕಲ್ಲೆದೆಯವನೆಂದು ಕನ್ನಡದಲ್ಲಿ ಯಾರನ್ನೂ ಹೊಗಳುವುದಿಲ್ಲ. ಇದರ ತಾತ್ಪರ್ಯವೇನು? ಕರಗದಿರುವುದೇ ಗಟ್ಟಿತನವೆಂದು ನಮ್ಮ ಜನರು ಎಂದೂ ಬಗೆಯಲಿಲ್ಲ. ಮರುಕವನ್ನು ಕಳೆದುಕೊಂಡ ಗಟ್ಟಿತನಕ್ಕೆ ಅವರು ಬೇರೆಯ ಹೆಸರಿಟ್ಟರು.

ಈ ಭೇದವು ಊರ ಕಮ್ಮಾರನಿಗೆ ಚೆನ್ನಾಗಿ ತಿಳಿದಿರುವುದು. ಕುಡುಗೋಲಿನ ಬಾಯನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಅದು ಗಡಸಾಗುವುದು. ಆದರೆ ಗಡಸು ಮಿತಿಮೀರಿದರೆ ಕಲ್ಲಿಗೆ ತಾಗಿದೊಡನೆ ಚಕ್ಕೆಯೆದ್ದು ಹೋಗುವುದು. ಗಡಸು ಸಾಲದಿದ್ದರೆ ಬಾಯಿ ಮಡಚಿಕೊಳ್ಳುವುದು. ಆದುದರಿಂದ ಬಲ್ಲವನು ಗಡಸುಮಾಡಿದ ಕಬ್ಬಿಣವನ್ನು ಮತ್ತೆ ಹದವಾಗಿ ಕಾಯಿಸಿ, ಅದರ ಬಿಗಿಯನ್ನು ತುಸು ಸಡಿಲಿಸುವನು. ಹೀಗೆ ಹದಗೊಂಡ ಬಾಯಿಯು ಪೆಟ್ಟನ್ನು ತಾಳಿಕೊಂಡು ಮತ್ತೆಯೂ ಕೊಯ್ಯುವುದು. ಗಾಜು ಗಡಸು, ಆದರೆ ಅದು ಒಂದೇ ಪೆಟ್ಟಿಗೆ ಚೂರಾಗುವುದು. ಬಿದಿರು ಬಾಗುವುದು, ಆದರೆ ಗಾಳಿ ನಿಂತೊಡನೆ ಎದ್ದು ನಿಲ್ಲುವುದು. 'ತಾಳಿದವನು ಬಾಳಿಯಾನು' ಎಂಬ ಗಾದೆಯಲ್ಲಿ ಅಡಗಿರುವುದು ಈ ತತ್ತ್ವವೇ. ತಾಳುವುದೆಂದರೆ ಸೋಲುವುದಲ್ಲ, ಪೆಟ್ಟನ್ನು ನುಂಗಿಯೂ ತನ್ನ ಕೆಲಸವನ್ನು ಬಿಡದಿರುವುದು.

ಇನ್ನು ನಮಗೆ ಅತ್ಯಂತ ಪ್ರಿಯವಾದ ಮಾತು 'ಕೆಚ್ಚು'. ಈ ಮಾತು ಮರದಿಂದ ಮನುಷ್ಯನಿಗೆ ಬಂದುದು. ಮರದ ಹೊರಭಾಗವು ಎಳೆಯದು, ಬಿಳಿಯದು. ಹುಳುವು ಮೊದಲು ತಿನ್ನುವುದು ಅದನ್ನೇ. ಒಳಗಿನ ಕಪ್ಪಾದ, ಬಿಗಿಯಾದ ತಿರುಳೇ ಕೆಚ್ಚು. ತೊಲೆಗೂ ಕಂಬಕ್ಕೂ ಜನರು ಹುಡುಕುವುದು ಈ ಕೆಚ್ಚನ್ನು. ಇದು ಒಂದು ದಿನದಲ್ಲಿ ಹುಟ್ಟುವುದಿಲ್ಲ. ವರುಷಕ್ಕೊಂದು ಸುತ್ತಿನಂತೆ ಮರವು ಬೆಳೆದು, ಹಳೆಯ ಸುತ್ತುಗಳು ಒಳಗೆ ಸರಿದು, ಬಿಗಿದು ಕೆಚ್ಚಾಗುವುವು. ಹೊರಗಿನಿಂದ ನೋಡಿದವರಿಗೆ ಅದು ಕಾಣಿಸದು. ಕೊಡಲಿ ತಾಗಿದಾಗ ಮಾತ್ರ ತಿಳಿದುಬರುವುದು. ಕೆಚ್ಚೆದೆಯೆಂಬ ಮಾತನ್ನು ಮೊದಲು ಆಡಿದ ಕನ್ನಡಿಗನು ಯಾರೋ ನಾವರಿಯೆವು. ಅವನು ಮಹಾಕವಿಯೇ ಸರಿ.

ಹಿಂದಿನವರ ಬರಹಗಳಲ್ಲಿಯೂ ಇದೇ ವಿವೇಕವು ಕಂಡುಬರುವುದು. ಬಾದಾಮಿಯ ಬಂಡೆಯ ಮೇಲೆ ಸುಮಾರು 700ನೆಯ ವರುಷದಲ್ಲಿ ಕೆತ್ತಿಸಿದ ಕಪ್ಪೆ ಅರಭಟ್ಟನ ಶಾಸನವು, ಸಜ್ಜನರಿಗೆ ಸೌಮ್ಯನೂ ಕೆಣಕಿ ಬಂದವರಿಗೆ ಎದುರಿಸಲಾಗದವನೂ ಆಗಿದ್ದ ಒಬ್ಬ ವೀರನನ್ನು ಬಣ್ಣಿಸುವುದು. ಆ ಬಣ್ಣನೆಯಲ್ಲಿ ಸೌಮ್ಯತೆಗೇ ಮೊದಲ ಸ್ಥಾನವೆಂಬುದನ್ನು ಗಮನಿಸಬೇಕು. 941ರಲ್ಲಿ ಭಾರತವನ್ನು ಕನ್ನಡಿಸಿದ ಪಂಪನು ಕಾವ್ಯದ ಕೊನೆಯಲ್ಲಿ ಛಲಕ್ಕೆ ದುರ್ಯೋಧನನನ್ನೇ ಮಾದರಿಯಾಗಿ ಎತ್ತಿ ಹೇಳುವನು. ಹಗೆಯ ಪಕ್ಷದವನಲ್ಲಿಯೂ ಗುಣವನ್ನು ಕಾಣುವುದು ಕವಿಯ ಹಿರಿಮೆ. ಆದರೆ ಅದೇ ಛಲವು ಕುರುಕುಲವನ್ನು ಸುಟ್ಟಿತೆಂಬುದನ್ನೂ ಆ ಕಾವ್ಯವು ಮರೆಮಾಚುವುದಿಲ್ಲ. ಮಂಡ್ಯದ ಸೀಮೆಯ ಆತಕೂರಿನ ಶಾಸನವು ಇನ್ನೂ ಬೆರಗುಗೊಳಿಸುವುದು. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ಮಣಲೇರನು, ಮೆಚ್ಚಿದ ಗಂಗರ ಬೂತುಗನಿಂದ ಬೇಡಿ ಪಡೆದುದು ಒಂದು ನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕೂ ಕಲ್ಲು ನೆಟ್ಟು ಪೂಜೆಯನ್ನೇರ್ಪಡಿಸಿದ ಜನರು ನಮ್ಮವರು. ಹಿಡಿದುದನ್ನು ಬಿಡದ ಗುಣವು ಎಲ್ಲಿದ್ದರೂ ಅದಕ್ಕೆ ತಲೆಬಾಗುವ ಸಂಸ್ಕಾರವಿದು.

'ಗಂಡೆದೆ' ಎಂಬ ಮಾತನ್ನು ಕೇಳಿ ಇದು ಗಂಡಸರ ಸೊತ್ತೆಂದು ಯಾರೂ ತಿಳಿಯದಿರಲಿ. ನಮ್ಮ ಭಾಷೆಯಲ್ಲಿ 'ಗಟ್ಟಿಗಿತ್ತಿ' ಎಂಬ ಮಾತೂ ಇರುವುದು. 1824ರ ಅಕ್ಟೋಬರ್ 23ರಂದು ಥ್ಯಾಕರೆಯ ದಂಡನ್ನು ಮುರಿದ ಕಿತ್ತೂರ ಚೆನ್ನಮ್ಮನನ್ನು ಎಲ್ಲರೂ ಬಲ್ಲರು. ಆದರೆ ಇಂದಿನ ವಿಷಯಕ್ಕೆ ಕೆಳದಿಯ ಚೆನ್ನಮ್ಮಾಜಿಯು ಇನ್ನೂ ಹತ್ತಿರದವಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮನು ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಯ ಕಡೆಗೆ ಹೊರಟಾಗ ಅವಳು ಅವನಿಗೆ ಆಶ್ರಯವನ್ನಿತ್ತಳು. ಔರಂಗಜೇಬನ ಸೈನ್ಯವು ಬಂದಾಗ ಎದುರಿಸಿದಳು. ಬಂದವನು ಬೇರೆ ನುಡಿಯವನು, ಬೇರೆ ಅರಸುಮನೆಯವನು. ಅವನನ್ನು ಬಿಟ್ಟುಕೊಟ್ಟಿದ್ದರೆ ಅವಳ ನಾಡಿಗೆ ಗಂಡಾಂತರವು ತಪ್ಪುತ್ತಿತ್ತು. ಮರೆಹೊಕ್ಕವನನ್ನು ಕಾಯುವುದೇ ಅವಳ ಕೆಚ್ಚಾಯಿತು.

ಇಂಥ ಕೆಚ್ಚಿನಿಂದಲೇ ಕರ್ನಾಟಕವು ಒಂದಾಯಿತೆಂಬುದನ್ನು ನಾವು ಮರೆಯಲಾಗದು. ಮುಂಬಯಿ, ಮದರಾಸು ಪ್ರಾಂತಗಳು, ಹೈದರಾಬಾದು, ಮೈಸೂರು ಸಂಸ್ಥಾನಗಳು, ಕೊಡಗು, ಇವಲ್ಲದೆ ಜಮಖಂಡಿ, ಮುಧೋಳ, ಸೊಂಡೂರು, ಸವಣೂರುಗಳಂತಹ ಸಣ್ಣ ಸಂಸ್ಥಾನಗಳು, ಹೀಗೆ ನಾಡು ಹರಿದು ಹಂಚಿಹೋಗಿತ್ತು. 1890ರಲ್ಲಿ ಧಾರವಾಡದಲ್ಲಿ ವಿದ್ಯಾವರ್ಧಕ ಸಂಘವು ಹುಟ್ಟಿತು. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಸ್ಥಾಪಿತವಾಯಿತು. 1917ರಲ್ಲಿ ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ'ವು ಹೊರಬಂದಿತು. 1920ರ ನಾಗಪುರದ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷಾನುಗುಣವಾದ ಪ್ರಾಂತ ಸಮಿತಿಗಳನ್ನು ಒಪ್ಪಿತು. 1930ರ ತರುವಾಯ ಉತ್ತರ ಕನ್ನಡದ ಅಂಕೋಲೆ, ಸಿದ್ದಾಪುರಗಳ ರೈತರು ಕರವನ್ನು ಕೊಡದೆ, ಜಮೀನು ಮನೆಗಳ ಜಪ್ತಿಯನ್ನು ತಾಳಿಕೊಂಡರು. 1948ರಲ್ಲಿ ಧರ್ ಆಯೋಗವು ಭಾಷಾವಾರು ಪ್ರಾಂತಗಳು ಬೇಡವೆಂದಿತು. ಮೈಸೂರಿನವರಲ್ಲಿಯೇ ಕೆಲವರು ಏಕೀಕರಣವನ್ನು ಒಲ್ಲೆವೆಂದರು. ಆದರೂ ಕೆಲಸವು ನಿಲ್ಲಲಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರನ್ನು ಸೇರಿತು. 1956ರ ನವೆಂಬರ್ 1ರಂದು ನಾಡು ಒಂದಾಯಿತು. 1973ರಲ್ಲಿ ಕರ್ನಾಟಕವೆಂಬ ಹೆಸರು ಬಂದಿತು. ವಿದ್ಯಾವರ್ಧಕ ಸಂಘದ ಹುಟ್ಟಿನಿಂದ ಏಕೀಕರಣದವರೆಗೆ 66 ವರುಷಗಳು! ವರುಷಕ್ಕೊಂದು ಸುತ್ತಿನಂತೆ ಬೆಳೆದ ಮರವಿದು, ಸೋದರರೇ.

ಆದರೂ ಮನೆಯ ಒಂದು ಬಾಗಿಲು ಹೊರಗೆ ಉಳಿದುಹೋಯಿತು. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸಂದಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಕರ್ನಾಟಕಕ್ಕೆ ಬರಬೇಕೆಂದು 1967ರಲ್ಲಿ ಮಹಾಜನ ಆಯೋಗವು ಹೇಳಿತು, ಅದು ಕಾರ್ಯಗತವಾಗಲಿಲ್ಲ. ಅಲ್ಲಿಯ ಕಯ್ಯಾರ ಕಿಞ್ಞಣ್ಣ ರೈಗಳು 1915ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಳ್ಳುವವರೆಗೆ ಈ ಹಂಬಲವನ್ನು ಬಿಡಲಿಲ್ಲ. ಆದರೆ ಆ ಹಂಬಲದಲ್ಲಿ ಅವರು ಬದುಕನ್ನು ಬರಡುಮಾಡಿಕೊಳ್ಳಲಿಲ್ಲ. ಪಾಠ ಹೇಳಿದರು, ಬೇಸಾಯ ಮಾಡಿದರು, ಕವಿತೆ ಬರೆದರು, ಮಲೆಯಾಳದಿಂದ ಕನ್ನಡಕ್ಕೆ ಅನುವಾದವನ್ನೂ ಮಾಡಿದರು. ನೆರೆಯ ನುಡಿಯನ್ನು ಆದರಿಸುತ್ತಲೇ ತನ್ನ ನುಡಿಗಾಗಿ ನಿಂತವರನ್ನು ಗಟ್ಟಿಗರೆನ್ನದೆ ಇನ್ನಾರನ್ನು ಎನ್ನೋಣ?

ಈಗ ನಮ್ಮ ಕಾಲಕ್ಕೆ ಬರೋಣ. ಬಸ್ಸಿಗೆ ಕಲ್ಲೆಸೆದವನು, ಹೊಟ್ಟೆಪಾಡಿಗೆ ಬಂದ ಪರಭಾಷೆಯ ಕೂಲಿಕಾರನನ್ನು ಬೆದರಿಸಿದವನು ತಾನು ಗಟ್ಟಿ ಕನ್ನಡಿಗನೆಂದು ಬೀಗುವುದುಂಟು. ಅದು ಗಡಸೇ ಹೊರತು ಗಟ್ಟಿತನವಲ್ಲ. ಒಂದು ದಿನದ ಕಾವು ಆರಿದೊಡನೆ ಚಕ್ಕೆಯೇಳುವ ಬಾಯಿ. ಇನ್ನೊಂದು ಕಡೆಯಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ, ತನ್ನ ಮಗುವಿನೊಡನೆಯೂ ಕನ್ನಡವನ್ನಾಡಲು ಸಂಕೋಚಪಟ್ಟು ಅದನ್ನೇ ಸೌಜನ್ಯವೆಂದು ಕರೆದುಕೊಳ್ಳುವವನೂ ಇದ್ದಾನೆ. ಅದು ಮಡಚಿಕೊಳ್ಳುವ ಬಾಯಿ. ಇವೆರಡರ ನಡುವಣ ಹದವೇ ನಮಗೆ ಬೇಕಾದುದು. ನಗುಮೊಗದಿಂದ ಕನ್ನಡದಲ್ಲಿಯೇ ಮಾತನ್ನಾರಂಭಿಸುವುದು, ತಿಳಿಯದವನಿಗೆ ನಾಲ್ಕು ಮಾತು ಕಲಿಸುವುದು, ಮಕ್ಕಳಿಗೆ ಓದುಬರಹವನ್ನು ತಪ್ಪಿಸದಿರುವುದು, ಅರ್ಜಿಯನ್ನು ಕನ್ನಡದಲ್ಲಿ ಬರೆದು ಉತ್ತರವು ಬರುವವರೆಗೆ ಬಿಡದಿರುವುದು: ಇವುಗಳಿಗೆ ಜಯಘೋಷವಿಲ್ಲ, ಹೂಮಾಲೆಯಿಲ್ಲ. ಆದರೆ ಇವನ್ನು ಹತ್ತು ವರುಷ ಬೇಸರಿಸದೆ ಮಾಡುವುದಕ್ಕೆ ಒಂದು ದಿನದ ಆರ್ಭಟಕ್ಕಿಂತ ಹೆಚ್ಚಿನ ಎದೆಗಾರಿಕೆ ಬೇಕು.

ನಮ್ಮ ಬಯಲುಸೀಮೆಯ ರೈತನು ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದನು. ಹೊರಗೆ ಬರ ಬಂದು ಹೊಲ ಬಿರಿದರೂ ನೆಲದೊಳಗಿನ ಕಾಳು ವರುಷಗಟ್ಟಲೆ ಕೆಡದೆ ಕಾದಿದ್ದು ಮನೆಯನ್ನುಳಿಸುತ್ತಿತ್ತು. ನುಡಿಯ ಕೆಚ್ಚೂ ಅಂಥದು. ಅದು ಸದ್ದುಮಾಡುವುದಿಲ್ಲ, ಆದರೆ ಬೇಕಾದ ಹೊತ್ತಿಗೆ ಇಲ್ಲವೆನ್ನುವುದಿಲ್ಲ. ಅಂತಹ ಕಾಳನ್ನು ಮುಂದಿನವರಿಗಾಗಿ ತುಂಬಿಡುವ ಹೊಣೆ ನಮ್ಮ ನಿಮ್ಮೆಲ್ಲರದು.

ಸಿರಿಗನ್ನಡಂ ಗೆಲ್ಗೆ!