ನಮ್ಮ ಮಕ್ಕಳ ಕೈಗೆ ಪೊರಕೆ ಏಕೆ?
(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾವಿರುವ ಮಲ್ಕಾಜ್‌ಗಿರಿಯ ಗಲ್ಲಿಗಳಿಗೆ ಕಾಲೇಜು ವಿದ್ಯಾರ್ಥಿಗಳು ಏಳು ದಿನದ ಸೇವಾ ಶಿಬಿರಕ್ಕೆ ಬರುವರು. ಅವರಲ್ಲಿ ನಮ್ಮವರ ಮಕ್ಕಳೂ ಇದ್ದಾರೆ. ಸುದ್ದಿ ತಿಳಿದ ದಿನದಿಂದ ನಮ್ಮಲ್ಲಿ ಒಂದು ಮಾತು ಕೇಳಿಬರುತ್ತಿದೆ: “ಮೂವತ್ತು ವರ್ಷ ಎಂಜಲು ತಟ್ಟೆ ಎತ್ತಿ ಓದಿಸಿದೆವು. ಕೊನೆಗೆ ನಮ್ಮ ಹುಡುಗನ ಕೈಗೇ ಪೊರಕೆ ಕೊಡುವರಂತೆ!”

ಈ ಮಾತನ್ನು ನಕ್ಕು ತಳ್ಳುವಂತಿಲ್ಲ. ಗಿರಣಿ ಮುಚ್ಚಿದ ಮೇಲೆ ಕಲಬುರ್ಗಿ ಕಡೆಯಿಂದ ಬಂದವರು, ಹೋಟೆಲಿನಲ್ಲಿ ಕ್ಲೀನರಾಗಿ ಸೇರಿ ಸಪ್ಲೈಯರಾಗುವುದಕ್ಕೆ ವರ್ಷಗಟ್ಟಲೆ ಕಾದವರು ನಾವು. ಕೈ ಕೆಲಸದಿಂದ ಮಕ್ಕಳನ್ನು ಬಿಡಿಸಬೇಕೆಂದೇ ದುಡಿದೆವು. ಬಂಗಲೆಯ ಹುಡುಗನಿಗೆ ಪೊರಕೆ ಹಿಡಿಯುವುದು ಹೊಸ ಅನುಭವ. ನಮ್ಮ ಹುಡುಗನಿಗೆ ಅದು ತಾಯಿ ದಿನವೂ ಮಾಡುವ ಕೆಲಸ.

ಆದರೆ ಈ ಏರ್ಪಾಡು ಎಲ್ಲಿಂದ ಬಂದಿತೆಂಬುದನ್ನೂ ನೋಡೋಣ. 1969ರ ಸೆಪ್ಟೆಂಬರ್ 24ರಂದು, ಗಾಂಧೀ ಶತಮಾನೋತ್ಸವದ ವರ್ಷದಲ್ಲಿ, ಅಂದಿನ ಕೇಂದ್ರ ಶಿಕ್ಷಣ ಸಚಿವರಾದ ಡಾ. ವಿ. ಕೆ. ಆರ್. ವಿ. ರಾವ್ ಅವರು ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದರು. ಅವರು ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಹೋದವರೆಂಬುದು ನಮಗೆ ಹೆಮ್ಮೆಯ ವಿಷಯವೇ. 37 ವಿಶ್ವವಿದ್ಯಾಲಯಗಳು, 40,000 ವಿದ್ಯಾರ್ಥಿಗಳು: ಅಷ್ಟರಿಂದ ಮೊದಲಾಯಿತು. ಎರಡು ವರ್ಷಕ್ಕೆ 240 ಗಂಟೆಗಳ ಸೇವೆ, ನಡುವೆ ಏಳು ದಿನದ ಶಿಬಿರ. “ನಾನಲ್ಲ, ನೀನು” ಎಂಬುದು ಅದರ ಧ್ಯೇಯವಾಕ್ಯ.

ಮಾತು ಚೆನ್ನಾಗಿದೆ. ಆದರೆ ಆ “ನೀನು” ಎಂಬುವನು ಇಲ್ಲಿ ನಾವೇ ಅಲ್ಲವೆ? ಹಾಗಾದರೆ ಯಾವ ಸೇವೆ ಬೇಕೆಂದು ನಮ್ಮನ್ನು ಕೇಳಬೇಡವೆ? ಶಿಬಿರದ ಮೇಷ್ಟರು ಸಂಘಕ್ಕೆ ಬಂದು ಕೇಳಿದರೆಂಬುದೇ ಸಂತೋಷ. ಕೇಳಿದ ಮೇಲೆ ಉತ್ತರ ಕೊಡುವುದು ನಮ್ಮ ಹೊಣೆ.

ಮೊದಲನೆಯದಾಗಿ, ನಾಲೆಯ ವಿಷಯ. ಮಳೆ ಜೋರಾದರೆ ಬಂಡಚೆರುವಿನ ಕೆಳಗಿನ ಕಾಲನಿಗಳಿಗೆ ನೀರು ನುಗ್ಗುವುದನ್ನು ನಾವೆಲ್ಲ ಕಂಡವರು. 2020ರ ಅಕ್ಟೋಬರ್ ತಿಂಗಳ ಮಳೆಯಲ್ಲಿ ಹೈದರಾಬಾದ್ ಪಟ್ಟ ಪಾಡು ಯಾರೂ ಮರೆತಿಲ್ಲ. ಆದುದರಿಂದ ನಾಲೆಯ ಹೂಳನ್ನು ಹುಡುಗರು ಎತ್ತಲಿ ಎಂದು ಕೆಲವರು ಹೇಳಿದರು. ನಾವು ಒಪ್ಪಲಿಲ್ಲ. ಅದು ಯಂತ್ರದ ಕೆಲಸ, ನಗರಪಾಲಿಕೆಯ ಕೆಲಸ. ಒಳಚರಂಡಿಗೂ ಮಲಗುಂಡಿಗೂ ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸಬಾರದೆಂದು 2013ರ ಕಾಯಿದೆ ಹೇಳುತ್ತದೆ. ವಿದ್ಯಾರ್ಥಿ ಇಳಿಯಬಾರದು ನಿಜ, ಹಾಗೆಂದು ಬಡವನನ್ನು ಇಳಿಸಬಹುದೆಂದಲ್ಲ. ಹುಡುಗರು ನಾಲೆಯ ದಂಡೆಯಲ್ಲಿ ನಡೆದು ಎಲ್ಲೆಲ್ಲಿ ಕಟ್ಟಿಕೊಂಡಿದೆ ಎಂದು ಬರೆದು, ಚಿತ್ರ ತೆಗೆದು, ಅರ್ಜಿ ಸಿದ್ಧಪಡಿಸಲಿ. ಸಹಿ ನಾವು ಹಾಕುವೆವು.

ಎರಡನೆಯದು ಸೊಳ್ಳೆ. ಡೆಂಗ್ಯೂ ತರುವ ಸೊಳ್ಳೆ ಕೊಳಚೆಗಿಂತ ಹೆಚ್ಚಾಗಿ ನಾವು ಕುಡಿಯಲು ತುಂಬಿಟ್ಟ ಡ್ರಮ್ಮಿನ ನೀರಿನಲ್ಲೇ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಶಿಬಿರ ಏಳು ದಿನ! ಹುಡುಗರು ಒಮ್ಮೆ ಬಂದು ಡ್ರಮ್ಮು ತೊಳೆದು ಹೋದರೆ ಫೋಟೋ ಚೆನ್ನಾಗಿ ಬಂದೀತು, ಜ್ವರ ನಿಲ್ಲದು. ವಾರಕ್ಕೊಂದು ದಿನ ಗೊತ್ತುಮಾಡಿ, ಮನೆಮನೆಯಲ್ಲೂ ಪಾತ್ರೆ ಬರಿದುಮಾಡಿ ಉಜ್ಜಿ ಮುಚ್ಚುವ ಅಭ್ಯಾಸವನ್ನು ಅವರು ಹೇಳಿಕೊಡಲಿ. ನಡೆಸಿಕೊಂಡು ಹೋಗುವವರು ನಾವು. ಈ ಮಾತನ್ನು ಗಂಡಸರೂ ಕೇಳಿಸಿಕೊಳ್ಳಬೇಕು.

ಮೂರನೆಯ ಕೆಲಸವೇ ನಮಗೆ ಮುಖ್ಯವಾಗಿ ತೋರಿದ್ದು. ನಮ್ಮಲ್ಲಿ ಬಹುಮಂದಿ ತೆಲುಗು ಮಾತನಾಡಬಲ್ಲರು, ಓದಲಾರರು. ನಮ್ಮ ಮಕ್ಕಳೋ ತೆಲುಗು ಓದುವರು, ಇಂಗ್ಲಿಷ್ ಓದುವರು, ಮನೆಯಲ್ಲಿ ಕನ್ನಡ ಆಡುವರು. ಅರ್ಜಿ ಬರೆಯುವುದಕ್ಕೆ ಇದಕ್ಕಿಂತ ತಕ್ಕವರು ಎಲ್ಲಿ ಸಿಕ್ಕಾರು? ಅಸಂಘಟಿತ ಕಾರ್ಮಿಕರ ಹೆಸರು ದಾಖಲಿಸಲು 2021ರ ಆಗಸ್ಟ್ 26ರಂದು ಇ-ಶ್ರಮ್ ಏರ್ಪಟ್ಟಿತು. 16ರಿಂದ 59 ವಯಸ್ಸಿನವರಿಗೆ, 12 ಅಂಕಿಯ ಸಂಖ್ಯೆ. ಭವಿಷ್ಯನಿಧಿ, ಇ.ಎಸ್.ಐ. ಇರುವವರು ಅದರಲ್ಲಿ ಸೇರುವಂತಿಲ್ಲ. ತಮಾಷೆಯೆಂದರೆ, ತನಗೆ ಇವು ಇವೆಯೋ ಇಲ್ಲವೋ ಎಂಬುದೇ ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಗಲ್ಲೆಯವರನ್ನು ಕೇಳಲು ಸಂಕೋಚ. ಸಂಬಳದ ಚೀಟಿ ಇದ್ದವರು ತರಲಿ, ಹುಡುಗರು ಓದಿ ಹೇಳುವರು.

ಪೊರಕೆಯ ಮಾತಿಗೆ ಬರೋಣ. ಶಿಬಿರದಲ್ಲಿ ಬೆಳಿಗ್ಗೆ ಒಂದು ಗಂಟೆ ಬೀದಿ ಗುಡಿಸುವ ಕೆಲಸ ಉಂಟು. ಎಲ್ಲರೂ ಮಾಡುವುದಾದರೆ ನಮ್ಮ ಮಕ್ಕಳೂ ಮಾಡಲಿ. ಬಡವರ ಮಕ್ಕಳಿಗೆ ಪೊರಕೆ, ಇತರರಿಗೆ ಬರೆಯುವ ಪುಸ್ತಕ ಎಂದು ಹಂಚಿದರೆ ಮಾತ್ರ ನಾವು ಸುಮ್ಮನಿರುವುದಿಲ್ಲ. ಇದನ್ನು ಮೇಷ್ಟರಿಗೆ ಎದುರಿಗೇ ಹೇಳಿದ್ದೇವೆ, ಅವರು ಪಾಳಿಯ ಪ್ರಕಾರ ಎಲ್ಲರಿಗೂ ಎಲ್ಲ ಕೆಲಸ ಎಂದು ಒಪ್ಪಿದ್ದಾರೆ.

ಮಧ್ಯಾಹ್ನದ ಊಟ ನಮ್ಮದು. ಅಡಿಗೆ ಭಟ್ಟರು ಮೂವರು ರಜಾ ಹಾಕಿ ನಿಲ್ಲುವೆವೆಂದಿದ್ದಾರೆ. ಅಕ್ಕಿ, ಬೇಳೆ ಮನೆಗೊಂದು ಸೇರಿನಂತೆ ಬರಲಿ. ಉಂಡ ತಟ್ಟೆಯನ್ನು ಅವರವರೇ ತೊಳೆಯಬೇಕೆಂಬುದು ಭಟ್ಟರ ಒಂದೇ ಷರತ್ತು. ರಾತ್ರಿ ಪಾಳಿಯವರು ಬೆಳಿಗ್ಗೆ ಹತ್ತಕ್ಕೆ, ಹೋಟೆಲಿನವರು ಮಧ್ಯಾಹ್ನ ಮೂರರ ಬಿಡುವಿನಲ್ಲಿ, ಆಧಾರ್ ಕಾರ್ಡು ಮತ್ತು ಮೊಬೈಲ್ ಜೊತೆಗೆ ಸಂಘದ ಜಗಲಿಗೆ ಬರುವುದು.