ಕುಂಚ ಹಿಡಿದ ಮಗು

ಅಂಗವೈಕಲ್ಯವುಳ್ಳ ಹೆಣ್ಣುಮಗುವೊಂದು ಚಿತ್ರ ಬರೆಯುತ್ತ ತನ್ನನ್ನು ತಾನು ಕಂಡುಕೊಳ್ಳುವ ವಸ್ತು ಕಾದಂಬರಿಕಾರರಿಗೆ ಪ್ರಿಯವಾದುದು. ಅಂಥ ಕೃತಿಗಳ ಹಾದಿ ಬಹುಮಟ್ಟಿಗೆ ಒಂದೇ. ಮೊದಲು ಕಾಲೋ ಕಿವಿಯೋ ಹೋಗುತ್ತದೆ; ತಾಯಿ ಅಳುತ್ತಾಳೆ; ಮಾಸ್ತರರೊಬ್ಬರು ಬಣ್ಣದ ಪೆಟ್ಟಿಗೆ ಕೊಡುತ್ತಾರೆ; ಕೊನೆಯ ಅಧ್ಯಾಯದಲ್ಲಿ ಬಹುಮಾನ ಬರುತ್ತದೆ, ಊರು ಚಪ್ಪಾಳೆ ತಟ್ಟುತ್ತದೆ. ಬಹುಮಾನ ಬಾರದೆ ಹೋಗಿದ್ದರೆ ಆ ಊರು ಅವಳನ್ನು ಏನೆಂದು ಕರೆಯುತ್ತಿತ್ತು? ಈ ಪ್ರಶ್ನೆಯನ್ನು ಎತ್ತದ ಕಾದಂಬರಿ, ಎಷ್ಟೇ ಕಣ್ಣೀರು ತರಿಸಲಿ, ನನಗೆ ಅಪೂರ್ಣವೆನಿಸುತ್ತದೆ.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬಲ್ಲ ನಮಗೆ ಈ ಪ್ರಶ್ನೆ ಹೊಸದೇನಲ್ಲ. ಪಂಚಾಕ್ಷರಿ ಗವಾಯಿಗಳೂ (1892-1944) ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914-2010) ದೃಷ್ಟಿಯಿಲ್ಲದವರು, ಕೀರ್ತಿವಂತರು. ಆದರೆ ಕೀರ್ತಿ ಬಾರದ ಮಕ್ಕಳಿಗೂ ಅಲ್ಲಿ ಅನ್ನವಿತ್ತು, ವಿದ್ಯೆಯಿತ್ತು.

ಚಿತ್ರಕಲೆಯಲ್ಲಿ ನನಗೆ ನೆನಪಾಗುವವರು ಶಾಂತಿನಿಕೇತನದ ವಿನೋದ ಬಿಹಾರಿ ಮುಖರ್ಜಿ (1904-1980). ಹುಟ್ಟಿನಿಂದಲೇ ಅವರ ಒಂದು ಕಣ್ಣು ಕಾಣದು, ಇನ್ನೊಂದು ಅತಿ ಮಂದ. ಕಲಾಭವನಕ್ಕೆ ಈ ಹುಡುಗನನ್ನು ಸೇರಿಸಿಕೊಳ್ಳಲು ನಂದಲಾಲ ಬಸು ಅಳುಕಿದರು. ಅವನಿಗೆ ನಿಜವಾದ ಆಸಕ್ತಿಯಿದ್ದರೆ ಬಿಟ್ಟುಬಿಡಿ, ತನ್ನ ದಾರಿಯನ್ನು ತಾನೇ ಹುಡುಕಲಿ ಎಂಬುದು ರವೀಂದ್ರರ ನಿಲುವಾಗಿತ್ತು. ನನ್ನ ದೃಷ್ಟಿಯಲ್ಲಿ ಇದು ಕರುಣೆಯಲ್ಲ, ಗೌರವ. ಆ ವಿದ್ಯಾರ್ಥಿಯೇ 1946-47ರಲ್ಲಿ ಹಿಂದಿ ಭವನದ ಗೋಡೆಗಳ ಮೇಲೆ ಮಧ್ಯಯುಗದ ಸಂತರ ಭಿತ್ತಿಚಿತ್ರವನ್ನು ರಚಿಸಿದರು. ಅದರಲ್ಲಿ ಅಂಧ ಕವಿ ಸೂರದಾಸರೂ ಇದ್ದಾರೆ. ಹತ್ತು ವರ್ಷಗಳ ತರುವಾಯ, ಶಸ್ತ್ರಚಿಕಿತ್ಸೆ ಫಲಿಸದೆ, ಚಿತ್ರಕಾರರೂ ಪೂರ್ತಿ ಅಂಧರಾದರು. ಆಮೇಲೂ ಕಾಗದ ಕತ್ತರಿಸಿ ಅಂಟಿಸಿದರು, ಬೆರಳಿನಿಂದ ಮೇಣ-ಮಣ್ಣುಗಳನ್ನು ತಿದ್ದಿದರು. ಅವರ ಶಿಷ್ಯ ಸತ್ಯಜಿತ್ ರಾಯ್ 1972ರಲ್ಲಿ ತೆಗೆದ 'ದಿ ಇನ್ನರ್ ಐ' ಎಂಬ ಸಾಕ್ಷ್ಯಚಿತ್ರದಲ್ಲಿ ಆ ಬೆರಳುಗಳನ್ನು ನೋಡಬಹುದು. ಕುರುಡುತನವನ್ನು ಅವರು ಒಂದು ಹೊಸ ಅನುಭವವೆಂದೇ ಬಗೆದರು. ನಮ್ಮ ಕಾದಂಬರಿಗಳು ತಪ್ಪಿಸಿಕೊಳ್ಳುವುದು ಇಲ್ಲಿಯೇ. ವೈಕಲ್ಯವನ್ನು ಗೆಲ್ಲಬೇಕಾದ ಶತ್ರುವನ್ನಾಗಿ ಮಾಡುತ್ತವೆ. ಆ ದೇಹದಿಂದ ಲೋಕ ಹೇಗೆ ಕಾಣುತ್ತದೆಂದು ವಿಚಾರಿಸುವುದಿಲ್ಲ.

ಪೋಲಿಯೊ ಬಡಿದ ವಿದ್ಯಾರ್ಥಿನಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಸಿದ್ಧೇಶ್ವರ ಗುಡಿಯ ಆಸುಪಾಸಿನ ಓಣಿಯವಳು. ಕನ್ನಡದ ತರಗತಿ ಮೇಲಂತಸ್ತಿನಲ್ಲಿ. ಕೆಳಗಿಳಿಸಬೇಕೆಂಬ ಬೇಡಿಕೆಗೆ ವರ್ಷವಿಡೀ ಉತ್ತರ ಬರಲಿಲ್ಲ. ಆಕೆ ಕಂಕುಳುಗೋಲು ಊರಿಕೊಂಡು ಹತ್ತಿ ಬರುತ್ತಿದ್ದಳು, ಪಂಪನ ಪಾಠದ ನಡುವೆ ನೋಟ್‌ಬುಕ್ಕಿನ ಅಂಚಿನಲ್ಲಿ ಚಿತ್ರ ಬರೆಯುತ್ತಿದ್ದಳು. (ಪಂಪನಿಗೆ ಇದರಿಂದ ನಷ್ಟವೇನೂ ಆಗಲಿಲ್ಲ.) ಸಂಕ್ರಾಂತಿಯ ಜಾತ್ರೆಯ ಚಿತ್ರವೊಂದನ್ನು ತೋರಿಸಿದಳು. ಎಲ್ಲೆಲ್ಲೂ ಕಾಲುಗಳು: ಎತ್ತಿನ ಗೊರಸು, ಧೂಳು ಹಿಡಿದ ಧೋತರದ ಅಂಚು, ಹರಿದ ಚಪ್ಪಲಿ, ಮಕ್ಕಳ ಬರಿಗಾಲು. ಮುಖ ಒಂದೂ ಇಲ್ಲ. ಕಾರಣ ಕೇಳಿದೆ.

"ಕುಂತಲ್ಲಿಂದ ಕಾಣೂದು ಇಷ್ಟರೀ ಸರ್" ಎಂದಳು.

ಎಷ್ಟೋ ಜಾತ್ರೆ ಕಂಡ ನನಗೆ ಆ ಜಾತ್ರೆ ಕಂಡಿರಲಿಲ್ಲ. ಆಕೆ ಮುಂದೆ ಚಿತ್ರಕಾರಳಾಗಲಿಲ್ಲ, ಬಹುಮಾನ ಪಡೆಯಲಿಲ್ಲ, ಬ್ಯಾಂಕೊಂದರಲ್ಲಿ ಗುಮಾಸ್ತಳಾದಳು. ಆಗಾಗ ಬರೆಯುತ್ತಿರುತ್ತಾಳೆಂದು ಕೇಳಿದ್ದೇನೆ.