ಮೂಗು ಹೇಳುವ ಸುದ್ದಿ



ಇವತ್ತು ನಾವು ಮೂಗಿನ ವಿಷಯ ಮಾತಾಡುವ. ನಗಬೇಡಿ. ಕಣ್ಣು ಮಂಜಾದರೆ ಕನ್ನಡಕ ಹಾಕ್ತೇವೆ. ಕಿವಿ ಮಂದವಾದರೆ ಮನೆಯವರೇ ಹೇಳ್ತಾರೆ. ಮೂಗಿಗೆ ವಾಸನೆ ಬಾರದಿದ್ದರೆ? ಎಷ್ಟೋ ಜನಕ್ಕೆ ಅದು ಗೊತ್ತೇ ಆಗುವುದಿಲ್ಲ. "ಸಾರಿಗೆ ರುಚಿಯೇ ಇಲ್ಲ" ಅಂತ ಅಡುಗೆ ಮಾಡಿದವರ ಮೇಲೆ ಸಿಟ್ಟು ಮಾಡ್ತಾರೆ, ಅಷ್ಟೆ.

2020ರ ಕೊರೊನಾ ಕಾಲ ನೆನಪುಂಟಲ್ಲ? ದೇಶದ ಮೂರನೇ ರೋಗಿ ಸಿಕ್ಕಿದ್ದು ಆ ಫೆಬ್ರವರಿಯಲ್ಲಿ, ನಮ್ಮ ಕಾಸರಗೋಡು ಜಿಲ್ಲೆಯಲ್ಲೇ. ಮಾರ್ಚಿನಲ್ಲಿ ಗಡಿ ರಸ್ತೆಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗೆ ಹೋಗುವ ದಾರಿ ಬಂದಾಯಿತು. ಅಂಗಡಿ ಬಾಗಿಲಲ್ಲಿ ಹಣೆಗೆ ಯಂತ್ರ ಹಿಡಿದು ಜ್ವರ ನೋಡ್ತಿದ್ದರು. ಆದರೆ ಸೋಂಕು ಇದ್ದ ಎಷ್ಟೋ ಜನಕ್ಕೆ ಜ್ವರವೇ ಇರಲಿಲ್ಲ. ಕೆಲವರಿಗೆ ಮೂಗು ಕಟ್ಟಿರಲಿಲ್ಲ, ನೆಗಡಿಯೂ ಇರಲಿಲ್ಲ, ವಾಸನೆ ಮಾತ್ರ ಒಮ್ಮೆಲೇ ಹೋಯಿತು. ಜೂನ್ ತಿಂಗಳಲ್ಲಿ ಕೇಂದ್ರ ಆರೋಗ್ಯ ಇಲಾಖೆ ಇದನ್ನು ರೋಗಲಕ್ಷಣದ ಪಟ್ಟಿಗೆ ಸೇರಿಸಿತು.

ಯಾಕೆ ಹೀಗೆ? ಮೂಗಿನ ಒಳಗೆ, ಮೇಲ್ಗಡೆ, ವಾಸನೆ ಹಿಡಿಯುವ ನರದ ಕೋಶಗಳು ಉಂಟು. ಅವಕ್ಕೆ ಆಸರೆಯಾಗಿ ಬೇರೆ ಕೋಶಗಳು ಇರುತ್ತವೆ. ವೈರಸ್ ಹೆಚ್ಚಾಗಿ ಹಿಡಿಯುವುದು ಈ ಆಸರೆಯ ಕೋಶಗಳನ್ನು. ಅಡಿಕೆ ಮರವೇ ಬಿದ್ದರೆ ಅದಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿಯ ಗತಿ ಏನು? ಹಾಗೆ.

ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆಗ ಒಂದು ಲೆಕ್ಕ ಹಾಕಿದರು. ಜನ ಮೂರು ದಿನಕ್ಕೊಮ್ಮೆ ಮೂಗು ಪರೀಕ್ಷೆ ಮಾಡಿಕೊಳ್ಳಲಿ, ವಾಸನೆ ಬಾರದವರು ಮನೆಯಲ್ಲೇ ಉಳಿಯಲಿ, ಆಗ ರೋಗ ಹರಡುವುದು ಕಡಿಮೆ ಆಗಬಹುದು ಅಂತ. ನಮ್ಮ ದೇಶದಲ್ಲಿ ಮನೆಯಲ್ಲೇ ಮಾಡುವ ಕೊರೊನಾ ಕಿಟ್‌ಗೆ ಒಪ್ಪಿಗೆ ಸಿಕ್ಕಿದ್ದು 2021ರ ಮೇ ತಿಂಗಳಲ್ಲಿ. ಆಗ ಒಂದಕ್ಕೆ 250 ರೂಪಾಯಿ ಇತ್ತು. ಬೀಡಿ ಕಟ್ಟುವವರಿಗೆ ವಾರಕ್ಕೆ ಎರಡು ತಗೊಳ್ಳಲಿಕ್ಕೆ ಆಗ್ತದಾ? ಕಾಫಿಪುಡಿ ಡಬ್ಬಿ ಮನೆಯಲ್ಲೇ ಉಂಟು.

ಮಾಡುವ ಕ್ರಮ ಸುಲಭ. ಮೂರು ಲೋಟ ತಗೊಳ್ಳಿ. ಒಂದರಲ್ಲಿ ಕಾಫಿಪುಡಿ, ಇನ್ನೊಂದರಲ್ಲಿ ಜಜ್ಜಿದ ಬೆಳ್ಳುಳ್ಳಿ ಹಾಕಿ. ಮೂರನೆಯದು ಖಾಲಿ ಇರಲಿ. ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಲೋಟವನ್ನು ಮನೆಯವರು ಹಿಡಿಯಲಿ, ಯಾವುದು ಅಂತ ಹೇಳಬಾರದು. ಖಾಲಿ ಲೋಟ ಯಾಕೆ ಗೊತ್ತುಂಟಾ? ನಮ್ಮ ಮನಸ್ಸು ಇಲ್ಲದ ವಾಸನೆಯನ್ನೂ ಹೇಳಿಬಿಡ್ತದೆ! ಮೆಣಸಿನ ಹುಡಿ, ಕರ್ಪೂರ, ನೆಗಡಿಯ ಮುಲಾಮು ಬೇಡವೇ ಬೇಡ. ಅವುಗಳ ಉರಿ, ತಂಪು ಬೇರೆ ನರಕ್ಕೆ ತಾಗ್ತದೆ. ವಾಸನೆ ಹೋದವರಿಗೂ ಅದು ಗೊತ್ತಾಗ್ತದೆ.

ಬೀಡಿ ಎಳೆಯುವವರ, ವಯಸ್ಸಾದವರ ಮೂಗು ಮೊದಲೇ ಮಂದ ಇರಬಹುದು. ಹಾಗಾಗಿ ಆರೋಗ್ಯ ಇರುವಾಗಲೇ ಒಮ್ಮೆ ನೋಡಿಕೊಳ್ಳಿ. ಪುಸ್ತಕದ ಹಿಂದೆ ದಿನಾಂಕ ಹಾಕಿ ಬರೆದಿಡಿ. ಬರೆಯಲು ಕಲಿತದ್ದು ಇದಕ್ಕೂ ಆಯಿತು.

ಆದರೆ ಒಂದು ಮಾತು. ಇದು ಜರಡಿ ಮಾತ್ರ. ಜರಡಿಯಲ್ಲಿ ಉಳಿದದ್ದೆಲ್ಲ ಕಲ್ಲಲ್ಲ. ಹಿಟ್ಟಿನ ಜೊತೆ ಸಣ್ಣ ಮರಳೂ ಇಳಿಯುತ್ತದೆ. ನೆಗಡಿ, ಅಲರ್ಜಿ, ತಲೆಗೆ ಪೆಟ್ಟು ಬಿದ್ದರೂ ವಾಸನೆ ಹೋಗಬಹುದು. ಮೇಲಾಗಿ ಓಮಿಕ್ರಾನ್ ಬಂದ ಮೇಲೆ, 2022ರಿಂದ, ಕೊರೊನಾದಲ್ಲಿ ವಾಸನೆ ಹೋಗುವುದು ಮೊದಲಿಗಿಂತ ಕಡಿಮೆ. ಆದ್ದರಿಂದ "ನನಗೆ ಮಲ್ಲಿಗೆ ಪರಿಮಳ ಬರ್ತದೆ, ರೋಗ ಇಲ್ಲ" ಅಂತ ಕೆಮ್ಮುತ್ತಾ ಮದುವೆಗೆ ಹೋಗುವುದು ಸರಿಯಲ್ಲ. ವಾಸನೆ ಒಮ್ಮೆಲೇ ಹೋದರೆ ಬೇರೆಯವರಿಂದ ದೂರ ಇರಿ, ಆಶಾ ಕಾರ್ಯಕರ್ತೆಗೆ ತಿಳಿಸಿ, ಪರೀಕ್ಷೆ ಮಾಡಿಸಿ.

ಹೆಚ್ಚಿನವರಿಗೆ ಕೆಲವು ವಾರದಲ್ಲಿ ವಾಸನೆ ತಿರುಗಿ ಬರ್ತದೆ. ಬಾರದವರಿಗೆ ವೈದ್ಯರು ಒಂದು ಅಭ್ಯಾಸ ಹೇಳ್ತಾರೆ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆ, ಈ ನಾಲ್ಕನ್ನು ಬೆಳಿಗ್ಗೆ ಸಂಜೆ ಮೂಸುವುದು. ಮೂರು ತಿಂಗಳಾದರೂ ಬಿಡದೆ ಮಾಡಬೇಕು. ತಾಳ್ಮೆ ಬೇಕು ಮಾರಾಯ್ರೇ.

ಅಲ್ಲಿವರೆಗೆ ಅಡುಗೆಮನೆಯಲ್ಲಿ ಜಾಗ್ರತೆ. ಅಡುಗೆ ಗ್ಯಾಸಿನಲ್ಲಿ ನಾವು ಮೂಸುವ ಕೆಟ್ಟ ವಾಸನೆ ಬೇಕೆಂದೇ ಸೇರಿಸಿದ್ದು, ಸೋರಿದರೆ ತಿಳಿಯಲಿ ಅಂತ. ಮೂಗು ಹೋದವರಿಗೆ ಆ ಎಚ್ಚರಿಕೆ ಸಿಗುವುದಿಲ್ಲ. ಒಬ್ಬರೇ ಇರುವ ಅಜ್ಜಿಯಂದಿರಿಗೆ ಇದನ್ನು ಓದಿ ಹೇಳಿ. ರಾತ್ರಿ ಮಲಗುವ ಮೊದಲು ರೆಗ್ಯುಲೇಟರ್ ಬಂದ್ ಮಾಡಲಿ, ಹಾಲು ಹಳಸಿದೆಯಾ ಅಂತ ನೆರೆಯವರಿಂದ ಮೂಸಿಸಲಿ. ಗ್ಯಾಸ್ ಸೋರಿದರೆ ಹೊರಗೆ ಬಂದು ಕರೆ ಮಾಡುವ ನಂಬರ್ 1906. ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ.